ಅಪ್ಪ ಆಡದ ಮಾತು

ಜಾವಗಲ್ಲಿನ ಕಲ್ಲೇಶಪ್ಪನವರ ತೋಟದಲ್ಲಿ ಬೀರೇಶ ತೆಂಗಿನ ಮರದ ತುದಿಯಲ್ಲಿ ಕೂತು ಗೊನೆಗೆ ಮಚ್ಚು ಹಾಕುತ್ತಿದ್ದಾಗ, ಪಕ್ಕದ ಮರದಿಂದ ಕಟಕ್ ಕಟಕ್ ಎಂಬ ಸದ್ದು ಮೇಲೇರಿ ಬಂತು.

ಇಣುಕಿ ನೋಡಿದ. ಮೊದಲು ಕಂಡದ್ದು ಒಂದು ಹಳದಿ ಕ್ಯಾಪು. ಆಮೇಲೆ ಬೆವರಿಗೆ ಹಣೆಗಂಟಿದ ಕೂದಲು. ಆಮೇಲೆ ಎರಡು ಕಣ್ಣು, ನೇರವಾಗಿ ಅವನನ್ನೇ ನೋಡುತ್ತಾ.

"ತಿಂಡಿ ಆಯ್ತಾ?" ಎಂದಿತು ಆ ಮುಖ.

ಹದಿನೈದನೇ ವಯಸ್ಸಿಗೆ ಮರ ಹತ್ತಲು ಶುರು ಮಾಡಿದವನು ಬೀರೇಶ. ಈಗ ಇಪ್ಪತ್ತೊಂಬತ್ತು. ಇಷ್ಟು ವರ್ಷದಲ್ಲಿ ಅಷ್ಟೆತ್ತರದಲ್ಲಿ ಅವನನ್ನು ಮಾತಾಡಿಸಿದ್ದು ಕಾಗೆಗಳು ಮಾತ್ರ.

"ನೀವು ಬೀರೇಶಣ್ಣ ಅಲ್ವಾ? ನಾನು ನಂದಿತಾ, ಹಳೇಬೀಡು. ನಿಮ್ ನಂಬರ್ ನನ್ ಫೋನಲ್ಲೈತೆ. ಹೋದ್ ವರ್ಷ ಹನ್ನೊಂದ್ ಸಲ ಫೋನ್ ಮಾಡಿದ್ದೆ. ಹನ್ನೊಂದ್ ಸಲಾನೂ 'ನಾಳೆ ಬತ್ತೀನಿ' ಅಂದಿದ್ರಿ."

"ಯಾವ್ ತೋಟ?"

"ತೋಟ ಎಲ್ಲಿ ಬಂತು, ಹಿತ್ಲು. ಹನ್ನೆರಡೇ ಮರ. ಅಷ್ಟಕ್ಕೆ ಯಾರು ಬತ್ತಾರೆ? ಕಾದೂ ಕಾದೂ ಸಾಕಾಗಿ ಆರ್ ದಿನ ತರಬೇತಿಗ್ ಹೋಗಿ ನಾನೇ ಕಲಿತ್ಕೊಂಡೆ. ನಮ್ಮತ್ತೆಗಂತೂ ಖುಷಿಯೋ ಖುಷಿ."

ಬೀರೇಶನ ಮಚ್ಚು ಗಾಳಿಯಲ್ಲೇ ನಿಂತಿತು. "ಅತ್ತೆ ಅಂದ್ರೆ..."

ಅವಳು ಅವನ ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂದು ನೋಡಿದಳು. ತುಟಿಯ ಒಂದು ತುದಿ ಮಾತ್ರ ನಕ್ಕಿತು.

"ಸೋದರತ್ತೆ. ಮುದ್ದಮ್ಮ ಅಂತ. ಅವರೇ ನನ್ನ ಸಾಕಿದ್ದು. ಇನ್ನೇನಾದ್ರೂ ಕೇಳೋದೈತಾ?"

ಇಲ್ಲವೆಂದು ತಲೆಯಾಡಿಸಿ ಬೀರೇಶ ಗೊನೆ ಕಡಿದ. ಅದು ಬಲಿತ ಗೊನೆಯಲ್ಲ, ಪಕ್ಕದ ಎಳೆಯದು. ದಬದಬನೆ ಬಿದ್ದ ಎಳನೀರು ನೋಡಿ ಕೆಳಗಿನಿಂದ ಕಲ್ಲೇಶಪ್ಪ ಬೈದರು. ಪಕ್ಕದ ಮರ ಮಾತ್ರ ಗಾಳಿಯಿಲ್ಲದೆಯೂ ಅಲುಗಾಡುತ್ತಿತ್ತು. ಅವಳಿಗೆ ನಗು ತಡೆಯಲಾಗಿರಲಿಲ್ಲ.

ಮೂರು ದಿನ ಇಬ್ಬರೂ ಆ ತೋಟದಲ್ಲಿ ಮರ ಹತ್ತಿದರು. ಅವನದು ಬರಿಗಾಲು, ಕಾಲಿಗೊಂದು ಹಗ್ಗದ ಕುಣಿಕೆ. ಅವಳದು ಕಟಕ್ ಎನ್ನುವ, ಮರ ಹತ್ತುವ ಕಬ್ಬಿಣದ ಮೆಷಿನ್ನು, ಸೊಂಟಕ್ಕೊಂದು ಬೆಲ್ಟು. ಅವಳು ಒಂದು ಮರ ಮುಗಿಸುವಷ್ಟರಲ್ಲಿ ಅವನದು ಎರಡು ಮುಗಿಯುತ್ತಿತ್ತು. ಆದರೂ ಹೇಗೋ ಮಾತಿಗೆ ಸರಿಯಾಗಿ ಅವಳ ಪಕ್ಕದ ಮರದಲ್ಲೇ ಇರುತ್ತಿದ್ದ.

ಕಣಜದ ಗೂಡು ಗರಿಯೊಳಗೆ ಎಲ್ಲಿ ಅಡಗಿರುತ್ತದೆಂದು ಅವನು ತೋರಿಸಿಕೊಟ್ಟ. "ಬೆಲ್ಟ್ ಕಟ್ಕೊಳ್ಳೀಪ್ಪಾ, ನೋಡೋಕ್ ನಂಗೇ ಭಯ ಆಗುತ್ತೆ" ಎಂದು ಅವಳು ಬೈದಳು. ಮೂರನೇ ದಿನ ತನ್ನ ಮರದಿಂದ ಅವನ ಮರಕ್ಕೆ ಒಂದು ಸೀಬೆಹಣ್ಣು ಎಸೆದಳು. ಅವನು ಒಂದೇ ಕೈಯಲ್ಲಿ ಹಿಡಿದ. ಸಂಜೆ ಬಸ್ಸು ಹತ್ತಿದ ಮೇಲೆ ಅವಳ ಮೆಸೇಜು ಬಂತು: "ಫೋನಲ್ಲಿ ನಿಮ್ ಹೆಸರಿಂದ 'ಅಣ್ಣ' ತೆಗ್ದಾಕಿದೀನಿ."

ಬೀರೇಶ ಅದನ್ನು ಎಷ್ಟು ಸಲ ಓದಿದನೋ.

ಮಾರ್ಚ್ ಬಂತು. ಅರಸೀಕೆರೆಯಲ್ಲಿ ಮಹಿಳಾ ದಿನಾಚರಣೆ ನಡೆಯಿತು. ಮರುದಿನದ ಪೇಪರಿನಲ್ಲಿ ನಂದಿತಾಳ ಫೋಟೋ ಬಂತು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಮೇಲೆ ದಪ್ಪಕ್ಷರದಲ್ಲಿ 'ತೆಂಗಿನ ಮರವೇರಿದ ಧೀರೆ'.

ಜಾವಗಲ್ ಬಸ್‌ಸ್ಟಾಂಡಿನ ಟೀ ಅಂಗಡಿಯಲ್ಲಿ ಆ ಪೇಪರು ಕೈಯಿಂದ ಕೈಗೆ ಹೋಗುತ್ತಿತ್ತು. ಬೀರೇಶ ಬಂದದ್ದು ನೋಡಿ ಜೊತೆಗಾರ ಮರುಳಪ್ಪ ಕೂಗಿದ, "ಏನ್ಲಾ ಬೀರೇಶ, ಮುಗೀತಲ್ಲ ನಿನ್ ಕತೆ! ಇನ್ಮೇಲೆ ಸೀರೆ ಉಟ್ಕೊಂಡು ಹತ್ಲಾ, ನಿಂಗೂ ಹಾರ ಹಾಕ್ತಾರೆ."

ಎಲ್ಲರೂ ನಕ್ಕರು. ಕಲ್ಲೇಶಪ್ಪನವರೂ ನಕ್ಕರು.

ಬೀರೇಶನ ಕಣ್ಣು ಹಾರದ ಮೇಲೇ ನೆಟ್ಟಿತ್ತು. ಅವನ ಅಪ್ಪ ಧರ್ಮಪ್ಪ ಮೂವತ್ತೈದು ವರ್ಷ ಈ ಸುತ್ತಿನ ತೋಟಗಳ ಮರ ಹತ್ತಿದವನು. ನಾಲ್ಕು ವರ್ಷದ ಹಿಂದೆ ಕಲ್ಲೇಶಪ್ಪನವರ ತೋಟದಲ್ಲೇ ಬಿದ್ದು ಸೊಂಟ ಮುರಿದುಕೊಂಡ. ಅವತ್ತು ಕಲ್ಲೇಶಪ್ಪ ಆಳಿನ ಕೈಲಿ ಒಂದು ಗೊನೆ ಎಳನೀರು ಕಳಿಸಿ ಸುಮ್ಮನಾಗಿದ್ದರು. ಹಾರವಿರಲಿ, ಬಂದು ನೋಡಿದವರೂ ಇರಲಿಲ್ಲ. ಇವಳು ಆರು ದಿನದ ತರಬೇತಿ ಮುಗಿಸಿದ್ದಾಳೆ, ಧೀರೆಯಂತೆ. ಹಾಗಾದರೆ ಅಪ್ಪ ಏನು?

ನಂದಿತಾಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು, ಅಷ್ಟೆ. ಆ ಉರಿಗೆ ಬಾಯಿ ಸಿಕ್ಕಿಬಿಟ್ಟಿತು.

"ಹತ್ಲಿ ಬಿಡ್ರೀ. ಹೆಂಗಸು ಹತ್ತಿದ ಮರದ ಸುಳಿ ಒಣಗಿ ಮರಾನೇ ಸತ್ತೋಯ್ತದೆ ಅಂತ ನಮ್ಮಪ್ಪ ಹೇಳೋನು."

ಅಪ್ಪ ಅಂಥದ್ದೇನನ್ನೂ ಹೇಳಿರಲಿಲ್ಲ. ತಮಾಷೆಯಂತೆ ಆಡಿದ ಮಾತು. ಆದರೆ ಈ ಸಲ ಯಾರೂ ನಗಲಿಲ್ಲ. "ಧರ್ಮಪ್ಪ ಹೇಳವ್ನಾ?" ಎಂದು ಕಲ್ಲೇಶಪ್ಪ ಲೋಟ ಕೆಳಗಿಟ್ಟರು.

ಯುಗಾದಿ ಕಳೆಯುವಷ್ಟರಲ್ಲಿ ಆ ಮಾತು ಗೆಂಡೆಹಳ್ಳಿಯವರೆಗೂ ಹೋಗಿತ್ತು. ಕರೆಯುತ್ತೇವೆ ಎಂದಿದ್ದ ತೋಟದವರು ನಂದಿತಾಳ ಫೋನೇ ಎತ್ತದಾದರು. ಬೀರೇಶನಿಗೆ ಕೆಲಸಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಮರದ ತುದಿಯಲ್ಲಿ ಕೂತಾಗಲೆಲ್ಲ ಕಿವಿ ತಾನಾಗಿ ಆ ಕಟಕ್ ಕಟಕ್ ಸದ್ದಿಗೆ ಕಾಯುತ್ತಿತ್ತು.

ಒಂದು ಸಂಜೆ ಅವಳೇ ಫೋನ್ ಮಾಡಿದಳು.

"ಮೆಷಿನ್ನಿಗೆ ತುಕ್ಕು ಹಿಡೀತಾ ಐತೆ ಕಣ್ರೀ. ಸುಳಿ ಒಣಗುತ್ತೆ ಅಂತ ಯಾರೋ ಹಬ್ಬಿಸವ್ರೆ. ನಿಮ್ ತಂದೆ ಹೇಳಿದ್ದು ಅಂತಾರೆ. ನಿಜಾನಾ?"

"ನಂಗೊತ್ತಿಲ್ಲ," ಎಂದ ಬೀರೇಶ.

"ಅಷ್ಟ್ ಅನುಭವ ಇರೋರು ಹೇಳವ್ರೆ ಅಂದ್ರೆ ಏನೋ ಕಾರಣ ಇರ್ಬೇಕು. ನಾಳೆ ಬಂದು ಅವರನ್ನೇ ಕೇಳ್ತೀನಿ. ನೀವೂ ಮನೇಲಿರಿ. ನಿಮ್ಮನ್ನ ನೋಡಿದಂಗೂ ಆಗುತ್ತೆ."

ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ಬೇರೆ ಯಾವ ದಿನವಾಗಿದ್ದರೂ ಬೀರೇಶ ಆ ಮಾತಿಗೆ ತೇಲಿಹೋಗುತ್ತಿದ್ದ.

ಮಾರನೇ ದಿನ ಅವಳು ಬಂದಾಗ ಧರ್ಮಪ್ಪ ಜಗುಲಿಯ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಬೀರೇಶನ ಅವ್ವ ಅಂಕಮ್ಮ ಮಜ್ಜಿಗೆ ತಂದುಕೊಟ್ಟು, ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗನನ್ನೊಮ್ಮೆ ನೋಡಿ ಒಳಗೆ ಹೋದಳು. ನಂದಿತಾ ಹಿರಿಯನ ಕಾಲಿಗೆ ನಮಸ್ಕರಿಸಿ ಕೆಳಗೆ ಕೂತಳು.

"ಒಂದ್ ಮಾತು ಕೇಳಾಣ ಅಂತ ಬಂದೆ. ಹೆಂಗಸು ಹತ್ತಿದ್ರೆ ಸುಳಿ ಒಣಗುತ್ತೆ ಅಂತ ನೀವು ಹೇಳಿದ್ರಂತೆ. ಬೇಜಾರಿಲ್ಲ. ಯಾಕೆ ಅಂತ ತಿಳ್ಕೊಬೇಕು ಅಷ್ಟೆ. ಮೆಷಿನ್ನಿಂದ ಏನಾದ್ರೂ ಪೆಟ್ಟಾಗುತ್ತಾ? ಹಂಗಿದ್ರೆ ತಿದ್ಕೊತೀನಿ."

ಧರ್ಮಪ್ಪನ ಹುಬ್ಬು ಮೇಲೇರಿತು. ಅವನು ಮಗನ ಕಡೆ ನೋಡಿದ. ಕಂಬಕ್ಕೊರಗಿ ನಿಂತಿದ್ದ ಬೀರೇಶ ತಲೆ ತಗ್ಗಿಸಿದ. ಆ ತಗ್ಗಿದ ತಲೆಯಲ್ಲಿ ಅಪ್ಪನಿಗೆ ಎಲ್ಲವೂ ಕಂಡುಬಿಟ್ಟಿತು.

ಧರ್ಮಪ್ಪ ಹೇಳಿದ, "ಹೂಂ ಕಣವ್ವ. ನಾನೇ ಅಂದಿದ್ದು. ಮುದುಕನ ಬಾಯಿ, ಏನೋ ಅಂದೆ. ತಪ್ಪಾಯ್ತು."

ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ, ಒಂದು ಬಗೆಯ ನಿರಾಸೆ ಬಂತು. "ಆಗಲಿ," ಎಂದು ಏಳಲು ಹೊರಟಳು.

ಬೀರೇಶ ಸುಮ್ಮನಿದ್ದರೆ ಸಾಕಿತ್ತು. ಅವಳು ಅವನಿಗೆ ಹತ್ತಿರವಾಗಿಯೇ ಉಳಿಯುತ್ತಿದ್ದಳು, ಅಪ್ಪ ತಾನು ಆಡದ ಮಾತನ್ನು ಹೊತ್ತುಕೊಂಡು ಮಂಚದ ಮೇಲೆ ಮಲಗುತ್ತಿದ್ದ. ಮರದಿಂದ ಬಿದ್ದ ದಿನವೂ ಅಪ್ಪ ಯಾರಿಗೂ "ತಪ್ಪಾಯ್ತು" ಎಂದಿರಲಿಲ್ಲ; ಇವತ್ತು ಮಗನಿಗಾಗಿ ಅಂದಿದ್ದ.

"ಇಲ್ಲ ನಂದಿತಾ," ಎಂದ ಬೀರೇಶ. "ಅಪ್ಪ ಹೇಳಿಲ್ಲ. ನಾನು. ನಾನೇ ಕಟ್ಟಿದ್ದು."

ಅವಳು ತಿರುಗಿ ನಿಂತಳು. ಅವನು ಎಲ್ಲ ಹೇಳಿದ: ಟೀ ಅಂಗಡಿ, ಪೇಪರು, ಸೀರೆಯ ಮಾತು, ಅಪ್ಪ ಬಿದ್ದಾಗ ಬಂದು ನೋಡದ ಕಲ್ಲೇಶಪ್ಪನವರ ನಗು.

"ನಿಮ್ಮ ಮೇಲೆ ಅಲ್ಲ. ಆ ಹಾರ ನೋಡಿ ಉರೀತು. ನಮ್ಮಪ್ಪ ಮೂವತ್ತೈದು ವರ್ಷ ಹತ್ತವ್ನೆ. ಗಂಡಸು ಹತ್ತಿದ್ರೆ ಕೂಲಿ, ಹೆಂಗಸು ಹತ್ತಿದ್ರೆ ಸಾಧನೆ. ಸಮಾನ ಸಮಾನ ಅಂತಾರೆ, ಎಲ್ಲೈತೆ ಸಮಾನ ಅನ್ನಿಸ್ತು."

ನಂದಿತಾ ಕೈಲಿದ್ದ ಮಜ್ಜಿಗೆಯ ಲೋಟವನ್ನೇ ತಿರುಗಿಸಿದಳು.

"ಅದು ಸುಳ್ಳಲ್ಲ ಬಿಡಿ," ಎಂದಳು. "ಆ ಹಾರ ನಂಗೂ ಚುಚ್ಚಿತ್ತು. ಹಾಕ್ದೋರು ಒಬ್ರೂ ತಮ್ ತೋಟಕ್ಕೆ ಕರೀಲಿಲ್ಲ. ನಿಮಗೆ ಕೆಲ್ಸ ಕೊಟ್ರು, ಮರ್ಯಾದೆ ಕೊಡ್ಲಿಲ್ಲ. ನಂಗೆ ಒಂದ್ ದಿನ ಮರ್ಯಾದೆ ಕೊಟ್ರು, ಕೆಲ್ಸ ಕೊಡ್ಲಿಲ್ಲ." ಅವಳ ದನಿ ಅಲ್ಲಿಗೆ ಗಟ್ಟಿಯಾಯಿತು. "ಆದ್ರೆ ನಿಮ್ಮಪ್ಪನ್ನ ನೋಡೋಕ್ ಬರ್ದೇ ಇದ್ದೋರು ಅವತ್ತು ನಿಮ್ ಎದ್ರಿಗೇ ಟೀ ಕುಡೀತಾ ಕೂತಿದ್ರಲ್ಲ? ಅವರನ್ನ ಕೇಳೋಕ್ ನಿಮಗೆ ಬಾಯಿ ಬರ್ಲಿಲ್ಲ. ನನ್ನ ಅನ್ನೋಕ್ ಬಂತು. ನಾನು ಸುಲಭಕ್ಕೆ ಸಿಕ್ಕಿದೆ."

ಮಜ್ಜಿಗೆಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಹೊರಟುಹೋದಳು. ಬೀರೇಶ ಹಿಂದೆ ಓಡಲಿಲ್ಲ.

"ಹೋಗ್ಲಾ," ಎಂದ ಧರ್ಮಪ್ಪ ಮಂಚದಿಂದ. "ಅವಳ ಹಿಂದೆ ಅಲ್ಲ. ಟೀ ಅಂಗಡಿಗೆ."

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅದೇ ಮುಖಗಳಿದ್ದವು. ಬೀರೇಶ ಕೂರಲಿಲ್ಲ.

"ಸುಳಿ ಒಣಗೋ ಮಾತು ನಮ್ಮಪ್ಪ ಆಡಿದ್ದಲ್ಲ. ಹೊಟ್ಟೆಕಿಚ್ಚಿಗೆ ನಾನು ಕಟ್ಟಿದ್ದು."

"ಹುಡುಗಿ ಚೆನ್ನಾಗ್ ಮಂಕುಬೂದಿ ಎರಚವ್ಳೆ ಕಣ್ರಲಾ!" ಎಂದು ಮರುಳಪ್ಪ ನಕ್ಕ. ಬೀರೇಶ ಅವನ ಕಡೆ ತಿರುಗಲಿಲ್ಲ. ಕಲ್ಲೇಶಪ್ಪನವರನ್ನೇ ನೋಡುತ್ತಿದ್ದ.

"ಯಜಮಾನ್ರೇ, ಧರ್ಮಪ್ಪನ ಮಾತು ಅಂದ ತಕ್ಷಣ ನಂಬಿದ್ರಿ. ನಮ್ಮಪ್ಪನ ಮಾತಿಗೆ ಅಷ್ಟು ಬೆಲೆ ಐತೆ ಅಂತ ನಂಗೊತ್ತೇ ಇರ್ಲಿಲ್ಲ. ಹಂಗಾದ್ರೆ ನಿಮ್ ತೋಟದಲ್ಲಿ ಬಿದ್ದು ನಾಲ್ಕ್ ವರ್ಷ ಆಯ್ತು, ಒಂದಿನ ಬಂದು ಮಾತಾಡಿಸ್ಲಿಲ್ಲ ಯಾಕೆ?"

ಕಲ್ಲೇಶಪ್ಪ ಅರ್ಧ ಕುಡಿದ ಟೀ ಬಿಟ್ಟು ಎದ್ದುಹೋದರು. ಇನ್ನು ಆ ತೋಟದ ಕೆಲಸ ಹೋದಂತೆಯೇ ಎಂದುಕೊಂಡು ಬೀರೇಶನೂ ಮನೆಗೆ ನಡೆದ. ವಿಚಿತ್ರವೆಂದರೆ, ವರ್ಷಗಳಿಂದ ಎದೆಯ ಮೇಲಿದ್ದ ಭಾರವೊಂದು ಅರ್ಧಕ್ಕರ್ಧ ಇಳಿದಿತ್ತು.

ನಾಲ್ಕನೇ ದಿನ ಕಲ್ಲೇಶಪ್ಪ ಮನೆಗೆ ಬಂದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಮುದುಡಿ ಕೂತು, ಮಳೆ, ಬೆಳೆ, ಕೊಬ್ಬರಿ ಎಂದು ಏನೇನೋ ಮಾತಾಡಿದರು. ಕೊನೆಗೆ "ಮುಖ ತೋರ್ಸೋಕ್ ನಾಚ್ಕೆ ಆಗಿತ್ತು ಧರ್ಮಣ್ಣ" ಎಂದರು. ಧರ್ಮಪ್ಪ ಅವರ ಕೈ ಹಿಡಿದುಕೊಂಡ.

"ಆ ಹೆಣ್ಮಗೀನ ಕರೀಲಾ ಬೇಡ್ವಾ? ನೀನೇ ಹೇಳು," ಎಂದರು ಕಲ್ಲೇಶಪ್ಪ.

"ಮರಕ್ಕೆ ಗಂಡು ಹೆಣ್ಣು ಗೊತ್ತಾಗಕಿಲ್ಲ ಯಜಮಾನ್ರೇ," ಎಂದ ಧರ್ಮಪ್ಪ. "ತೂಕ ಗೊತ್ತಾಯ್ತದೆ ಅಷ್ಟೆಯ."

ಒಂದು ವಾರದ ಮೇಲೆ ನಂದಿತಾಳ ಮೆಸೇಜು ಬಂತು. ಒಂದೇ ಸಾಲು. "ಭಾನುವಾರ ಹನ್ನೊಂದಕ್ಕೆ ಹಳೇಬೀಡು ಕೆರೆ ಏರಿ ಹತ್ರ ಬನ್ನಿ."

ಬೀರೇಶ ಒಂಬತ್ತೂವರೆಗೇ ಹೋಗಿ ನಿಂತ. ಕೆರೆಯ ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಅವಳು ಬಂದಳು. ಇವತ್ತು ಕ್ಯಾಪಿರಲಿಲ್ಲ, ಜಡೆಯಲ್ಲಿ ಒಂದೆಳೆ ಮಲ್ಲಿಗೆಯಿತ್ತು. ಮುಖ ಮಾತ್ರ ಬಿಗಿ.

"ಥ್ಯಾಂಕ್ಸ್ ಹೇಳೋಕ್ ಕರ್ದಿದ್ದಲ್ಲ."

"ಗೊತ್ತು."

"ಕಲ್ಲೇಶಪ್ಪೋರು ಕರ್ದ್ರು, ಇನ್ನಿಬ್ರೂ ಕರ್ದ್ರು. ಅದು ನೀವು ಮಾಡಿದ್ದನ್ನ ನೀವೇ ಸರಿ ಮಾಡಿದ್ದು. ಅದ್ರಲ್ಲಿ ಉಪಕಾರ ಏನಿಲ್ಲ."

"ಇಲ್ಲ."

ಎಲ್ಲದಕ್ಕೂ ಒಪ್ಪಿಕೊಳ್ಳುವವನೊಡನೆ ಜಗಳ ಮುಂದುವರಿಸುವುದು ಕಷ್ಟ. ಅವಳು ಉಸಿರು ಬಿಟ್ಟು ಏರಿಯ ಕಲ್ಲಿನ ಮೇಲೆ ಕೂತಳು. ಅವನು ಒಂದು ಮಾರು ದೂರ ಕೂತ. ಕೆರೆಯಲ್ಲೊಂದು ನೀರುಕಾಗೆ ಮುಳುಗಿತು. ಅದು ಮತ್ತೆಲ್ಲೋ ಎದ್ದಿತು.

"ನಂಗೆ ನೀವಂದ್ರೆ ಇಷ್ಟ," ಎಂದ ಬೀರೇಶ ನೀರಿಗೆ. "ಮೊದಲ್ನೇ ದಿನದಿಂದ. ಅದಕ್ಕೇ ಇನ್ನೂ ಜಾಸ್ತಿ ನಾಚ್ಕೆ."

ಅವಳ ಕಿವಿಯ ತುದಿ ಕೆಂಪಾಯಿತು. ದನಿ ಮಾತ್ರ ಸಡಿಲಿಸಲಿಲ್ಲ. "ಇನ್ನೊಂದ್ ಸಲ ಹೊಟ್ಟೆ ಉರಿಯಲ್ಲ ಅಂತ ಮಾತು ಕೊಡ್ತೀರಾ?"

ಹೂಂ ಎನ್ನುವುದು ಸುಲಭವಿತ್ತು. ಬೀರೇಶ ಯೋಚಿಸಿದ.

"ಕೊಡಲ್ಲ."

ಅವಳು ತಟ್ಟನೆ ಅವನ ಕಡೆ ತಿರುಗಿದಳು.

"ನಾಳೆ ನಿಮಗೆ ಇನ್ನೊಂದ್ ಶಾಲು ಹೊದಿಸ್ತಾರೆ. ನಂಗೆ ಉರಿಯುತ್ತೆ. ಮರುಳಪ್ಪನಂಥೋರು ಆಡ್ಕೊಂಡ್ರೆ ಇನ್ನೂ ಉರಿಯುತ್ತೆ. ಇಲ್ಲ ಅಂದ್ರೆ ಅದು ಎರಡ್ನೇ ಸುಳ್ಳು. ಆದ್ರೆ ಉರಿದಾಗ ನಿಮ್ಮತ್ರಾನೇ ಬಂದು ಹೇಳ್ತೀನಿ. ಬೇರೆಲ್ಲೂ ಹೇಳಲ್ಲ."

ನಂದಿತಾ ಅವನನ್ನು ನೋಡಿದಳು, ಒಂದು ಮರದಿಂದ ಇನ್ನೊಂದು ಮರಕ್ಕೆ ನೋಡುವಂತಲ್ಲ, ತೀರಾ ಹತ್ತಿರದಿಂದ. ಕಣ್ಣಂಚಿನಲ್ಲಿ ಏನೋ ಕರಗಿತು.

"ಬಂದು ಏನಂತ ಹೇಳ್ತೀಯ?"

ಬೀರೇಶನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆ 'ಯ' ಕಿವಿಯಿಂದ ಎದೆಗಿಳಿಯಿತು.

"ಏನಂದ್ರಿ?"

"ಕೇಳಿಸ್ತಲ್ಲ. ಏನಂತ ಹೇಳ್ತೀಯ ಅಂದೆ."

"ಹೊಟ್ಟೆ ಉರೀತೈತೆ, ಒಂದ್ ಲೋಟ ನೀರ್ ಕೊಡಿ ಅಂತೀನಿ."

ಅವಳು ನಕ್ಕಳು, ಈ ಸಲ ತುಟಿಯ ಎರಡೂ ತುದಿಯಿಂದ. ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ಏಳು. ನಮ್ಮತ್ತೆ ಊಟಕ್ಕೆ ಕಾಯ್ತಾ ಇರ್ತಾರೆ. ಮುದ್ದೆ, ಬಸ್ಸಾರು."

"ಯಾರ್ ಬತ್ತಾರೆ ಅಂತ ಹೇಳಿದ್ದೀರ?"

"'ಹೇಳಿದ್ದೀಯ' ಅನ್ನು. ಆಮೇಲೆ ಉತ್ತರ."

ಎಂಥ ಎತ್ತರದ ಮರಕ್ಕೂ ಹಿಂಜರಿಯದ ಬೀರೇಶ ಆ ಒಂದಕ್ಷರಕ್ಕೆ ಹಿಂಜರಿದ. ಬಾಯಿ ತೆರೆದ, ಮುಚ್ಚಿದ. ಅವಳು ಸೊಂಟಕ್ಕೆ ಕೈಯಿಟ್ಟು, ಊಟ ಆರಿದರೂ ಪರವಾಗಿಲ್ಲವೆಂಬಂತೆ ಕಾದು ನಿಂತಳು.

"ಯಾರ್ ಬತ್ತಾರೆ ಅಂತ... ಹೇಳಿದ್ದೀಯ?"

"ಮೂರು ದಿನ ನನ್ ಪಕ್ಕದ ಮರದಲ್ಲೇ ಇದ್ದೋನು ಅಂತ," ಎಂದು ನಂದಿತಾ ಅವನ ಕೈ ಹಿಡಿದು ಏರಿಯಿಂದ ಕೆಳಗಿಳಿಸಿದಳು.