ಹತ್ತಿತು ಅಂದವನು

"ನನ್ನ ಬ್ರೇಕ್ ಲೈಟ್ ಸರಿ ಮಾಡಿದ್ದು ಯಾರು?"

ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ನಿಂತ ಟೀಚರಮ್ಮ ಕೂಗಾಡಿದ್ದರೆ ವೈರಿಂಗ್ ಹುಡುಗಿಗೆ ಅಷ್ಟು ನೋವಾಗುತ್ತಿರಲಿಲ್ಲ. ಮೆಲ್ಲಗೆ ಕೇಳಿದ್ದೇ ಎದೆಗೆ ಚುಚ್ಚಿತು.

"ನಾನೇ, ಮೇಡಂ."

ನಿನ್ನೆ ಟೀಚರಮ್ಮ ಕಾರಿನ ಬ್ರೇಕ್ ಒತ್ತಿದಾಗ ದೀಪ ಹತ್ತಲೇ ಇಲ್ಲವಂತೆ. ಹಿಂದೆ ಬರುತ್ತಿದ್ದ ವ್ಯಾನು ಬಂದು ಗುದ್ದಿತ್ತು; ಬಂಪರ್ ನುಗ್ಗಾಗಿತ್ತು, ದೀಪಗಳು ಒಡೆದಿರಲಿಲ್ಲ. ಗ್ಯಾರೇಜು ಹುಡುಗಿಯ ಚಿಕ್ಕಪ್ಪನದು. ಸಂಜೆಯೊಳಗೆ ತಪ್ಪೆಲ್ಲಿದೆ ಎಂದು ತೋರಿಸು, ಇಲ್ಲವಾದರೆ ನಾಳೆಯಿಂದ ವೈರು ಮುಟ್ಟಬೇಡ ಎಂದು ಚಿಕ್ಕಪ್ಪ ಎಲ್ಲರೆದುರೇ ಹೇಳಿಬಿಟ್ಟರು.

ಅವಳು ಟಿಂಕರ್ ಕಡೆ ನೋಡಿದಳು.

ಕಾರುಗಳ ಡೊಂಕು ಬಾಡಿಗಳನ್ನು ತಟ್ಟಿ ನೇರ ಮಾಡುವ ಆ ಹುಡುಗನೇ ಅವಳ ಪ್ರಾಣ. ಮುಂದಿನ ತಿಂಗಳು ಚಿಕ್ಕಪ್ಪನ ಹತ್ತಿರ ಮದುವೆ ಮಾತು ಎತ್ತುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಬ್ರೇಕ್ ಲೈಟ್ ಪರೀಕ್ಷೆಗೆ ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಹಿಂದೆ ನಿಂತು ನೋಡಿ ಹೇಳಬೇಕು. ಹೋದ ವಾರ ರಿಪೇರಿ ಮಾಡಿದ ದಿನ ಅವಳು ಪೆಡಲ್ ಸ್ವಿಚ್ ಬದಲಿಸಿ ಒತ್ತಿದ್ದಳು. "ಹತ್ತಿತು" ಎಂದವನು ಅವನೇ.

ಆ ಮಾತನ್ನು ಈಗ ಹೇಳಬಾರದೇ? ಅವನು ಬಾಯಿಗೆ ಬೀಗ ಹಾಕಿಕೊಂಡು ಸುತ್ತಿಗೆ ಒರೆಸುತ್ತಾ ನಿಂತಿದ್ದ!

ಅವಳು ಕಾರಿನೊಳಗೆ ಕುಳಿತಳು. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಸರಕ್ಕನೆ ಕನ್ನಡಿಯನ್ನು ಚಾವಣಿಯ ಕಡೆಗೆ ತಿರುಗಿಸಿದಳು.

ಫ್ಯೂಸ್ ಸರಿಯಾಗಿತ್ತು. ಪೆಡಲ್ ಒತ್ತಿಕೊಂಡೇ ಇರುವಂತೆ ಹಲಗೆ ಊರಿ, ಕರೆಂಟ್ ತೋರಿಸುವ ಟೆಸ್ಟ್ ಲ್ಯಾಂಪ್ ಹಿಡಿದರೆ ಸ್ವಿಚ್ ದಾಟಿಯೂ ಕರೆಂಟ್ ಬರುತ್ತಿತ್ತು. ಹಿಂದಿನ ದೀಪಗಳ ಹತ್ತಿರ ಮಾತ್ರ ಇರಲಿಲ್ಲ. ಹಾಗಿದ್ದರೆ ನಡುವೆ ಎಲ್ಲೋ ಕಡಿದಿದೆ... ಹಿಂದಿನ ಸೀಟು ಎತ್ತಿದಳು. ಸೀಟಿನ ಬೋಲ್ಟಿನಡಿ ಸಿಕ್ಕಿ ವೈರು ಎರಡು ತುಂಡಾಗಿತ್ತು. ತಾಮ್ರದ ತುದಿ ಕಿಲುಬು ಹಿಡಿದು ಪೂರ್ತಿ ಹಸಿರಾಗಿತ್ತು.

ಅವಳ ಕೈ ನಿಂತಿತು. ನಿನ್ನೆ ಕಡಿದ ತಾಮ್ರ ಹೊಳೆಯಬೇಕು. ಇದು ತಿಂಗಳುಗಳಿಂದ ಕಡಿದೇ ಇತ್ತು. ಅಂದರೆ ಆ ದಿನವೂ ದೀಪ ಹತ್ತಿರಲಿಲ್ಲ.

ಹತ್ತದ ದೀಪವನ್ನು ಹತ್ತಿತು ಅಂದನಾ? ಯಾರ ಮಾತನ್ನು ಕಣ್ಣುಮುಚ್ಚಿ ನಂಬಿದ್ದಳೋ ಅವನೇ ಕೈಕೊಟ್ಟಿದ್ದ.

ತುಂಡು ವೈರನ್ನು ಅವನ ಮುಂದೆ ಹಿಡಿದಳು. "ಯಾಕೆ ಸುಳ್ಳು ಹೇಳಿದೆ?"

ಅವನು ತಲೆ ಎತ್ತಲಿಲ್ಲ. "ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ನಾನು ದೀಪ ನೋಡಲೇ ಇಲ್ಲ... ಕನ್ನಡಿಯಲ್ಲಿ ನಿನ್ನ ಮುಖ ನೋಡ್ತಾ ಇದ್ದೆ. ನೀನು ಮಾಡಿದ ಕೆಲಸ ಅಂದ್ಮೇಲೆ ಹತ್ತೇ ಹತ್ತುತ್ತೆ ಅಂದ್ಕೊಂಡೆ."

ಪ್ರೀತಿ ಕುರುಡು ಎನ್ನುವವರು ಇಂಥವನನ್ನು ನೋಡಿಯೇ ಹೇಳಿರಬೇಕು. ಬೇರೆ ದಿನವಾಗಿದ್ದರೆ ಅವಳು ನಾಚುತ್ತಿದ್ದಳೇನೋ. ಇಂದು ಮೈಯೆಲ್ಲ ಉರಿಯಿತು.

"ಆ ಕುತ್ತಿಗೆ ಪಟ್ಟಿ ನೋಡಿದ್ಯಾ? ನೋಡದೇ ಇದ್ದದ್ದು ಒಂದು ತಪ್ಪು. ಬೆಳಿಗ್ಗೆ ನನ್ನೊಬ್ಬಳನ್ನೇ ನಿಲ್ಲಿಸಿ ಸುಮ್ಮನಿದ್ದೆಯಲ್ಲ, ಅದನ್ನ ಹೇಗೆ ಮರೀಲಿ?"

"ಹೆದರಿದೆ," ಎಂದ. "ಇದನ್ನ ಹೇಳಿದ್ರೆ ಚಿಕ್ಕಪ್ಪ ನಿನ್ನ ಕೊಡಲ್ಲ ಅಂತ."

"ಸುಮ್ಮನಿದ್ದೇ ನೀನು ನನ್ನ ಕಳ್ಕೊಂಡೆ."

ಅವನು ಸುತ್ತಿಗೆ ಕೆಳಗಿಟ್ಟ. ಬೆಂಚಿನ ಮೇಲೆ ಕುಳಿತಿದ್ದ ಟೀಚರಮ್ಮನ ಮುಂದೆ, ಚಿಕ್ಕಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿದ, ಕನ್ನಡಿಯ ವಿಷಯವನ್ನೂ ಬಿಡಲಿಲ್ಲ. ಚಿಕ್ಕಪ್ಪನ ಕಿವಿ ಕೆಂಪಾಯಿತು. ನಿನ್ನ ಹಣೆಬರಹ ಆಮೇಲೆ ನೋಡ್ತೀನಿ ಎಂದು ಗದರಿದರು. ಟೀಚರಮ್ಮ ಕುತ್ತಿಗೆ ಪಟ್ಟಿ ಸರಿಮಾಡಿಕೊಂಡು, ಮೊದಲು ನನ್ನ ದೀಪ ಹತ್ತಿಸಿ ಎಂದರು.

ಅವಳು ವೈರು ಜೋಡಿಸಿ, ಬೋಲ್ಟಿನಿಂದ ದೂರ ಸರಿಸಿ ಕಟ್ಟಿದಳು. ಸೀಟಿನಲ್ಲಿ ಕುಳಿತಳು. ಹಿಂದೆ ನಿಲ್ಲಲು ಬೇರೆ ಯಾರನ್ನಾದರೂ ಕರೆಯಬಹುದಿತ್ತು, ಕರೆಯಲಿಲ್ಲ.

"ಹಿಂದೆ ಹೋಗು," ಎಂದಳು ಅವನಿಗೆ. ಪೆಡಲ್ ಒತ್ತಿದಳು. "ಹತ್ತಿತಾ?"

ಎಡಕ್ಕೆ, ಬಲಕ್ಕೆ ಅವನ ಚಪ್ಪಲಿ ಸದ್ದು ಕೇಳಿಸಿತು.

"ಬಿಟ್ಟು ಇನ್ನೊಂದ್ಸಲ ಒತ್ತು," ಎಂದ. ಒತ್ತಿದಳು.

"ಎಡಗಡೆ ಹತ್ತಿತು. ಬಲಗಡೆ ಹತ್ತಿತು. ಮೇಲಿಂದೂ ಹತ್ತಿತು." ಒಂದೊಂದು ದೀಪದ ಮುಂದೂ ನಿಂತು ಹೇಳಿದ. "ನೋಡಿ ಹೇಳ್ತಾ ಇದ್ದೀನಿ."

ಅವಳ ಕಣ್ಣು ತುಂಬಿತು. ಕೋಪ ಇನ್ನೂ ಇತ್ತು. ಆದರೂ ಕೈ ತಾನಾಗಿ ಮೇಲೆ ಹೋಗಿ, ಚಾವಣಿ ನೋಡುತ್ತಿದ್ದ ಕನ್ನಡಿಯನ್ನು ಮೆಲ್ಲಗೆ ಕೆಳಗಿಳಿಸಿತು.

"ಈಗ ನನ್ನ ನೋಡು."