ಮರದ ಕೆಳಗಿನ ಜಿಂಕೆ

ಹಳೆಯ ಬಂದೂಕು ರಿಪೇರಿಯ ಕಾರ್ಖಾನೆಗೆ ಯಂತ್ರ ಬಂದ ದಿನ ಭಾವ ಅವನ ಕೈಯಿಂದಲೇ ಅದರ ಹೊದಿಕೆ ಬಿಚ್ಚಿಸಿದರು. ಒಳಗೆ ಮಾದರಿ ಇಟ್ಟರೆ ಸಾಕು, ಅದೇ ಅಳತೆ ತೆಗೆದು, ಅದೇ ಉಕ್ಕು ಕೊರೆದು, ಅಂಥದ್ದೇ ಇನ್ನೊಂದನ್ನು ಹೊರಗೆ ಇಡುತ್ತಿತ್ತು. ಹಳೆಯ ಬಂದೂಕಿನಲ್ಲಿ ಗುಂಡು ಸಿಡಿಸಲು ಬಡಿಯುವ ಕುದುರೆಯೊಂದನ್ನು ಅರದಿಂದ ಉಜ್ಜಿ ಮಾಡಲು ಅವನಿಗೆ ಹನ್ನೊಂದು ದಿನ ಬೇಕು. ಯಂತ್ರ ಊಟದ ಹೊತ್ತಿಗೆ ಮುಗಿಸಿತ್ತು.

"ಮುಂದಿನ ತಿಂಗಳಿಂದ ನೀನು ಮುಂದುಗಡೆ ಕೂತ್ಕೋ," ಎಂದರು ಭಾವ. "ಬಂದೋರ ಹತ್ರ ನಾಲ್ಕು ಮಾತಾಡು."

"ನಂಗೆ ಮಾತಾಡೋಕೆ ಬರಲ್ಲ ಭಾವ."

"ಗೊತ್ತು. ಬೇಜಾರಾಗಿ ಬೇಗ ನನ್ನ ಹತ್ರ ಬರ್ತಾರೆ."

ಭಾವ ನಕ್ಕರು. ಅವನೂ ನಕ್ಕ. ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ಕಾಲ ತಿಂದುಹಾಕಿದ ಭಾಗಗಳನ್ನು ಕೈಯಿಂದ ಮತ್ತೆ ಮಾಡುವುದು. ಗಾಜಿನ ಕಪಾಟಿನ ಪ್ರಶಸ್ತಿ ಪತ್ರಗಳಲ್ಲೆಲ್ಲ ಅಕ್ಕನ ಗಂಡನಾದ ಭಾವನ ಹೆಸರೇ ಇತ್ತು. ಅದನ್ನು ಅವನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕಿಟಕಿಯ ಪಕ್ಕ ತನ್ನ ಮೇಜು ಇತ್ತಲ್ಲ. ಈಗ ಆ ಮೇಜೂ ಹೋಗುವುದಿತ್ತು. ಬೇರೊಂದು ಮೇಜು, ಬೇರೊಂದು ಕಿಟಕಿ ಎಲ್ಲಾದರೂ ಸಿಗದಿದ್ದರೆ ತನ್ನ ಕೈಗಳು ಇದ್ದೂ ಇಲ್ಲದ ಹಾಗೆ ಎಂದು ಅವನಿಗೆ ಸ್ಪಷ್ಟವಾಗಿತ್ತು.

ಆ ವಾರವೇ ಆ ಬಂದೂಕು ಬಂತು. ತಂದವರು ಗಂಡನನ್ನು ಕಳೆದುಕೊಂಡ ಒಬ್ಬ ಹಿರಿಯ ಹೆಂಗಸು. ಮುರಿದ ಸ್ಪ್ರಿಂಗ್ ಒಂದನ್ನು ಹೊಸದಾಗಿ ಮಾಡಿ ಕೂರಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಆಮೇಲೆ ಪರೀಕ್ಷಕರು ನೋಡಿ ಪತ್ರ ಬರೆದುಕೊಟ್ಟರೆ ವಸ್ತುಸಂಗ್ರಹಾಲಯ ಕೊಳ್ಳುತ್ತದೆ. ಬಂದೂಕಿನ ಬಲ ಮಗ್ಗುಲಲ್ಲಿ ಅಂಗೈಯುದ್ದದ ಉಕ್ಕಿನ ಪ್ಲೇಟು ಇತ್ತು. ಅದರ ಮೇಲೆ ಮರದ ಕೆಳಗೆ ನಿಂತ ಜಿಂಕೆ, ಕೆಳಗೆ ಮಾಡಿದವನ ಹೆಸರು. ಅವನಿಗೆ ಪರಿಚಯದ ಸಂಗ್ರಾಹಕನೊಬ್ಬ ಇಂಥದ್ದಕ್ಕೇ ವರ್ಷಗಳಿಂದ ಕಾದಿದ್ದ. ಎಲ್ಲಿಂದ ಬಂತು ಎಂದು ಕೇಳುವವನಲ್ಲ. ಒಂದು ಪ್ಲೇಟು ಕೈಬದಲಾದರೆ ಆ ದುಡ್ಡಿನಲ್ಲಿ ಕಿಟಕಿಯಿರುವ ಒಂದು ಕೋಣೆ ತನ್ನದಾಗುತ್ತಿತ್ತು.

ಅವನು ಹಾಡಹಗಲೇ, ಎಲ್ಲರ ಕಣ್ಣೆದುರೇ ಅಂಥದ್ದೇ ಇನ್ನೊಂದು ಪ್ಲೇಟು ಮಾಡಿದ. ಅರದ ಸದ್ದು ಆ ಮೂಲೆಯಲ್ಲಿ ಯಾರಿಗೂ ಹೊಸದಲ್ಲ. ಜಿಂಕೆಯ ಕಿವಿಯ ಹತ್ತಿರ ಹಳೆಯ ಕೆತ್ತನೆಗಾರನ ಉಳಿ ಒಮ್ಮೆ ಜಾರಿತ್ತು. ಅವನೂ ಉಳಿಯನ್ನು ಅಲ್ಲೇ ಜಾರಿಸಿದ. ಬೇಕೆಂದು ತಪ್ಪು ಮಾಡುವಷ್ಟು ಕಷ್ಟ ಬೇರೆ ಇರಲಿಲ್ಲ. ಆ ಒಂದು ಗೆರೆಗೆ ಎರಡು ದಿನ ಹಿಡಿಯಿತು. ತುಕ್ಕು ತಿಂದ ಹದಿನಾಲ್ಕು ಗುಳಿಗಳನ್ನು ಎಣಿಸಿಕೊಂಡು ಹದಿನಾಲ್ಕನ್ನೇ ಮಾಡಿದ. ಪ್ಲೇಟಿನ ಒಳಮೈಗೆ ನೂರೈವತ್ತು ವರ್ಷದ ಎಣ್ಣೆಯ ಕಪ್ಪು ಹತ್ತಿಸಿದ. ಕೊನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಾಗ ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಜೀವಮಾನದಲ್ಲೇ ಅತಿ ಚೆನ್ನಾಗಿ ಮಾಡಿದ ಕೆಲಸ ಇದು, ಇದನ್ನು ಯಾರಿಗೂ ಹೇಳುವ ಹಾಗಿಲ್ಲ ಎಂದಷ್ಟೇ ಅನ್ನಿಸಿತು.

ಹಳೆಯದು ಸಂಗ್ರಾಹಕನ ಕೈ ಸೇರಿತು. ಹೊಸದು ಬಂದೂಕಿಗೆ ಕೂತಿತು.

ಪರೀಕ್ಷಕರು ದಪ್ಪ ಗಾಜು ಹಿಡಿದು ಮುಕ್ಕಾಲು ಗಂಟೆ ಆ ಜಿಂಕೆಯನ್ನೇ ನೋಡಿದರು. ಗುಳಿಗಳ ಮೇಲೆ ಉಗುರು ಆಡಿಸಿದರು. ಅವನು ಕೈ ಒರೆಸುವ ಬಟ್ಟೆಯನ್ನು ಮಡಿಸುತ್ತ, ಬಿಚ್ಚುತ್ತ ನಿಂತಿದ್ದ.

"ಸ್ಪ್ರಿಂಗ್ ಒಂದು ಬಿಟ್ಟು ಎಲ್ಲ ಹಳೇದೇ," ಎಂದು ಅವರು ಪತ್ರಕ್ಕೆ ಸಹಿ ಹಾಕಿದರು.

ಭಾವ ಅವನ ಬೆನ್ನ ಮೇಲೆ ಕೈಯಿಟ್ಟರು. "ನೋಡಿ ಸಾರ್, ಇವನು ಕೈ ಹಾಕಿದ್ದೂ ಗೊತ್ತಾಗಲ್ಲ."

"ಕೊನೇ ಸಲ ನೋಡ್ಕೊಂಡ್ಬಿಡ್ತೀನಿ," ಎಂದು ಪಕ್ಕದಲ್ಲಿ ಕಾದು ಕೂತಿದ್ದ ಹಿರಿಯ ಹೆಂಗಸು ಬಂದೂಕನ್ನು ಮೇಜಿನ ಮೇಲೆ ಮಗ್ಗುಲು ಹೊರಳಿಸಿದರು. "ಅಯ್ಯೋ, ಇವೆರಡೂ ನೆಟ್ಟಗಾಗಿಬಿಟ್ಟಿವೆಯಲ್ಲಪ್ಪ."

"ಯಾವುದಮ್ಮ?" ಎಂದರು ಭಾವ.

"ಈ ಸ್ಕ್ರೂಗಳು. ಒಂದು ಆ ಕಡೆ, ಒಂದು ಈ ಕಡೆ ವಾರೆಯಾಗಿದ್ವು. ನಲವತ್ತು ವರ್ಷ ಒರೆಸಿದೀನಿ, ನಂಗೊತ್ತಿಲ್ವಾ? ನಮ್ಮ ಥರಾನೇ ಮುಖ ತಿರುಗಿಸ್ಕೊಂಡಿವೆ ನೋಡು ಅಂತಿದ್ರು ಯಜಮಾನ್ರು."

ಆ ಮನೆಯಲ್ಲಿ ಬಂದೂಕನ್ನು ಜಿಂಕೆಯ ಮಗ್ಗುಲು ಗೋಡೆಗೆ ಬರುವಂತೆ ತೂಗುಹಾಕಿದ್ದರು. ಅವರು ದಿನವೂ ಕಂಡದ್ದು ಎಡ ಮಗ್ಗುಲಿನ ಎರಡು ಸ್ಕ್ರೂ ತಲೆಗಳನ್ನು. ಆ ಸ್ಕ್ರೂಗಳು ಎಡದಿಂದ ಬಂದೂಕಿನ ಮರದ ಭಾಗವನ್ನು ಹಾದು ಬಲಗಡೆಯ ಪ್ಲೇಟಿನ ತೂತುಗಳಲ್ಲಿ ಬಿಗಿಯುತ್ತವೆ. ಪ್ಲೇಟು ಹಳೆಯದಾದರೆ ಸ್ಕ್ರೂ ತಲೆಯ ಮೇಲಿನ ಸೀಳುಗಳು ಹಿಂದೆ ನಿಂತಲ್ಲೇ ನಿಲ್ಲುತ್ತವೆ. ತೂತು ಹೊಸದಾಗಿ ಕೊರೆದದ್ದಾದರೆ ಎಲ್ಲೆಲ್ಲೋ ನಿಲ್ಲುತ್ತವೆ. ಹಾಗೆ ಸೊಟ್ಟಗೆ ನಿಂತವನ್ನು ತಲೆಯ ಅಡಿಯಲ್ಲಿ ಕೂದಲೆಳೆಯಷ್ಟು ಉಜ್ಜಿ, ನಳಿಗೆಗೆ ನೇರವಾಗಿ ಸಾಲುಗೂಡಿಸಿಯೇ ಕೆಲಸ ಮುಗಿಸುವುದು ಈ ಕಾರ್ಖಾನೆಯ ಪದ್ಧತಿ. ಹೊಸ ಪ್ಲೇಟು ಕೂರಿಸಿದಾಗ ಮಾತ್ರ; ಸ್ಪ್ರಿಂಗ್ ಬದಲಿಸಿದರೆ ಅದರ ಅಗತ್ಯವಿಲ್ಲ. ಅವನಿಗೆ ಅದನ್ನು ಕಲಿಸಿದವರು ಭಾವ. ಈ ಸಲ ಯಾವಾಗ ಉಜ್ಜಿದೆ ಎಂಬುದು ಅವನಿಗೆ ನೆನಪೇ ಇರಲಿಲ್ಲ. ಕೈ ತಾನಾಗಿ ಮಾಡಿ ಮುಗಿಸಿತ್ತು. ಯಂತ್ರವಾಗಿದ್ದರೆ ವಾರೆಯಾಗಿಯೇ ಬಿಡುತ್ತಿತ್ತು. ಭಾವ ಬಗ್ಗಿ ಆ ಎರಡು ಸೀಳುಗಳನ್ನು ತುಂಬ ಹೊತ್ತು ನೋಡಿದರು. ಬೆನ್ನ ಮೇಲಿದ್ದ ಕೈ ಯಾವಾಗ ಸರಿದಿತ್ತೋ. "ಸಾರ್," ಎಂದರು, ಅವನ ಮುಖ ನೋಡದೆ, "ಆ ಕಾಗದ ಒಂದು ನಿಮಿಷ ಈ ಕಡೆ ಕೊಡಿ."