ಅಜ್ಜಿ ಕಳಿಸಿದ ಲೈವ್ ಮೇಲ್

"ಕಣ್ಣ ಮುಚಗೊಂಡು?"

ಅನಿಕೇತ ಮೇಲಕ್ಕೆಸೆದ ಕಲ್ಲನ್ನು ಹಿಡಿಯುವುದನ್ನೇ ಮರೆತ. ಅದು ವರಾಂಡದ ಫರಸಿಕಲ್ಲಿನ ನೆಲದ ಮೇಲೆ ಬಿದ್ದು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಉರುಳಿತು.

"ಹೂಂ. ಕಣ್ಣಿಗಿ ಬಟ್ಟಿ ಕಟಗೊಂಡು," ಎಂದಳು ಬ್ರಾಹ್ಮಿ. "ನಮ್ಮ ಅಜ್ಜಿ ಐದೂ ಕಲ್ಲ ಆಡತಾಳ. ಒಂದೂ ಬೀಳಂಗಿಲ್ಲ."

"ಬಂಡಲ್ ಬಿಡಬ್ಯಾಡ."

"ಬಂಡಲ್ ಅಲ್ಲ. ಖರೇ."

ಅಷ್ಟೇ ಮಾತು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಐದನೇ ಕ್ಲಾಸಿಗೆಲ್ಲ ಸುದ್ದಿ ಮುಟ್ಟಿತ್ತು. ಊಟ ಮುಗಿಸಿ ಬಂದು ನೋಡಿದರೆ ಬ್ರಾಹ್ಮಿಯ ಬೆಂಚಿನ ಮೇಲೆ ಯಾರೋ ಚಾಕ್‌ಪೀಸಿನಲ್ಲಿ ಬರೆದಿದ್ದರು: ಬಂಡಲ್ ಬ್ರಾಹ್ಮಿ.

ಅವಳು ಅದನ್ನು ಒರೆಸಿದಳು. ನೀರು ಕುಡಿದು ಬರುವುದರೊಳಗೆ ಮತ್ತೆ ಬರೆದಿದ್ದರು, ಈ ಸಲ ಇನ್ನೂ ದಪ್ಪ ಅಕ್ಷರದಲ್ಲಿ.

ಬ್ರಾಹ್ಮಿಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಿಜ ಹೇಳಿದ್ದಕ್ಕೆ ಹೆಸರಿಟ್ಟಿದ್ದರು. ಅವಳು ಎದ್ದು ಹೋಗಿ ಅನಿಕೇತನ ಕಂಪಾಸ್ ಬಾಕ್ಸನ್ನು ಕಿಟಕಿಯಿಂದ ಆಚೆಗೆ ಎಸೆದಳು. ಸರಿಯಾಗಿ ಆಗಲೇ ಭೀಮಕ್ಕ ಟೀಚರ್ ಒಳಗೆ ಬಂದರು.

ಟೀಚರ್ ಇಬ್ಬರ ಮಾತನ್ನೂ ಕೇಳಿದರು. ಶನಿವಾರ ಬ್ಯಾಗ್ ಇಲ್ಲದ ದಿನ, ಕ್ಲಾಸಿನಲ್ಲಿ ಹಳೆಯ ಆಟಗಳನ್ನು ಆಡುವುದಿತ್ತು. ಅವತ್ತು ಅಜ್ಜಿಯನ್ನೇ ಕರೆದುಕೊಂಡು ಬಾ ಎಂದರು.

ಆದರೆ ಅಜ್ಜಿ ಇರುವುದು ಖಾನಾಪುರದಲ್ಲಿ. ಬೆಳಗಾವಿಯಿಂದ ದೂರವೇನಲ್ಲ, ಒಂದು ಬಸ್ಸು ಸಾಕು. ಆದರೆ ಈಗ ದಶಲಕ್ಷಣ ಪರ್ವ. ಜೈನರ ಮನೆಗಳಲ್ಲಿ ಪೂಜೆ, ಉಪವಾಸ, ನೇಮ ನಡೆಯುವ ದಿನಗಳು. ಪರ್ವ ಮುಗಿಯುವವರೆಗೆ ಅಜ್ಜಿ ಬಸದಿ ಮತ್ತು ಮನೆ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ಹಾಗಾದರೆ ವಿಡಿಯೋ ತರಿಸುತ್ತೇನೆ ಎಂದಳು ಬ್ರಾಹ್ಮಿ.

ಅನಿಕೇತ ಅದಕ್ಕೂ ತಕರಾರು ತೆಗೆದ. "ವಿಡಿಯೋ ಬ್ಯಾಡ್ರಿ ಟೀಚರ್. ಎಐದಾಗ ಮಾಡಿಸ್ಕೊಂಡ ಬರತಾಳ. ಈಗ ಆನಿ ಸೈಕಲ್ ಹೊಡಿಯೂದೂ ಬರತೈತಿ."

ಕ್ಲಾಸು ನಕ್ಕಿತು. ಬ್ರಾಹ್ಮಿ ಹಲ್ಲು ಕಚ್ಚಿ ಹೇಳಿದಳು, "ಹಂಗಾದ್ರ ಲೈವ್ ಮೇಲ್ ಕಳಸತಾಳ. ಸಾಲಿ ಈಮೇಲಿಗೇ."

ಲೈವ್ ಮೇಲ್ ಎಂಬುದು ಅವರ ಮನೆಯವರೇ ಇಟ್ಟ ಹೆಸರು. ಬ್ರಾಹ್ಮಿಯ ಮಮ್ಮಿ ನೆಹರು ನಗರದ ಆಸ್ಪತ್ರೆಯಲ್ಲಿ ಚೀಟಿ ಮಾಡಿಕೊಡುವ ಕೌಂಟರಿನಲ್ಲಿ ಕೂರುತ್ತಾಳೆ. ಅಲ್ಲಿ ದೂರದ ಊರಿನಿಂದ ಬಂದವರು ಹೀಗೆ ಮಾತಾಡುವುದನ್ನು ನೋಡಿ ಕಲಿತು ಬಂದಿದ್ದಳು. ಯಾರಿಗೆ ಹೇಳಬೇಕೋ ಅವರ ಈಮೇಲ್ ವಿಳಾಸ ಹಾಕಿ ಕೆಂಪು ಬಟನ್ ಒತ್ತಬೇಕು, ಅಷ್ಟೇ. ನಾವು ಮಾತು ಶುರು ಮಾಡುತ್ತಿದ್ದಂತೆ ಅವರಿಗೆ ಮೇಲ್ ಹೋಗುತ್ತದೆ. ಆಗಲೇ ತೆರೆದರೆ ನಮ್ಮನ್ನು ಲೈವ್ ಆಗಿ ನೋಡುತ್ತಾರೆ. ತಡವಾಗಿ ತೆರೆದರೆ ಮೊದಲಿನಿಂದ ನೋಡುತ್ತಾರೆ. ಅವರು ಮಾತಾಡಿದ್ದು ನಮಗೆ ಕೇಳಿಸುವುದಿಲ್ಲ, ಅವರು ಕಾಣಿಸುವುದೂ ಇಲ್ಲ. ಪರದೆಯ ಮೂಲೆಯಲ್ಲಿ ಕಣ್ಣಿನ ಚಿತ್ರವೊಂದು ಇರುತ್ತದೆ. ಅತ್ತ ಯಾರಾದರೂ ನೋಡುತ್ತಿದ್ದರೆ ಆ ಕಣ್ಣು ಹಸಿರಾಗುತ್ತದೆ.

ಅಜ್ಜ ಶಾಂತಿನಾಥನ ಬೀಜ ಗೊಬ್ಬರದ ಅಂಗಡಿಯಲ್ಲಿ ಸದಾ ಗಿರಾಕಿಗಳು. ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತದೆ. ಅದಕ್ಕೇ ಬ್ರಾಹ್ಮಿ ದಿನಾ ಸಂಜೆ ಅಂಗಡಿಯ ಈಮೇಲಿಗೆ ಲೈವ್ ಮೇಲ್ ಕಳಿಸುತ್ತಾಳೆ. ಅಂಗಡಿಯ ಹಿಂದೆಯೇ ಮನೆ. ಗಿರಾಕಿಗಳು ಕಡಿಮೆಯಾದ ಮೇಲೆ ಅಜ್ಜ ಅಜ್ಜಿ ಕಂಪ್ಯೂಟರಿನ ಮುಂದೆ ಕೂತು ನೋಡುತ್ತಾರೆ.

ಟೀಚರ್ ಒಪ್ಪಿದರು. ಆದರೆ ಒಂದು ಮಾತನ್ನು ಖಡಕ್ಕಾಗಿ ಹೇಳಿದರು.

"ಶನಿವಾರ ಎರಡನೇ ಪಿರಿಯಡ್ ಮುಗಿಯೂತನಕ ಕಾಯೂಣು. ಬರಲಿಲ್ಲಂದ್ರ, ಎಲ್ಲಾರ ಮುಂದ ನಿಂತು ನಾ ಹೇಳಿದ್ದು ಸುಳ್ಳು ಅಂತ ಹೇಳಬೇಕ. ಆತಿಲ್ಲೋ?"

"ಆತ್ರಿ," ಎಂದಳು ಬ್ರಾಹ್ಮಿ.

ಮನೆಗೆ ಬಂದ ಮೇಲೆ ಗೊತ್ತಾಗಿದ್ದು ಇನ್ನೊಂದು ಸಂಗತಿ. ಅಜ್ಜಿ ಈ ಸಲ ಪರ್ವಕ್ಕೆ ಮೌನ ಹಿಡಿದಿದ್ದಾಳೆ. ಪರ್ವ ಮುಗಿಯುವವರೆಗೆ ಒಂದು ಮಾತೂ ಆಡುವುದಿಲ್ಲ.

"ಅಜ್ಜಿಗಿ ತ್ರಾಸ ಕೊಡಬ್ಯಾಡ," ಎಂದಳು ಮಮ್ಮಿ. ಮೌನದಲ್ಲಿ ಇರುವವಳನ್ನು ಕರೆದು ಮಕ್ಕಳ ಮುಂದೆ ಕಲ್ಲಾಡು ಎನ್ನುತ್ತಾರೆಯೇ? ಟೀಚರಿಗೆ ಸಾರಿ ಹೇಳಿದರೆ ಮುಗಿಯಿತು. ಇಷ್ಟು ಹೇಳಿ ಮಮ್ಮಿ ಅಡಿಗೆ ಮನೆಗೆ ಹೋದಳು. ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕಿತ್ತು.

ಮುಗಿಯಿತಂತೆ. ಬೆಂಚಿನ ಮೇಲೆ ಬರೆದದ್ದು ಮಮ್ಮಿಯ ಹೆಸರಲ್ಲವಲ್ಲ.

ಬ್ರಾಹ್ಮಿ ಕಂಪ್ಯೂಟರ್ ಹಚ್ಚಿದಳು. ಅಜ್ಜನ ಅಂಗಡಿಯ ವಿಳಾಸ ಹಾಕಿ ಕೆಂಪು ಬಟನ್ ಒತ್ತಿದಳು. ಪರದೆಯಲ್ಲಿ ಕಂಡದ್ದು ಅವಳದೇ ಮುಖ. ಮೂಗು ಕೆಂಪಗಾಗಿತ್ತು. ಮೂಲೆಯ ಕಣ್ಣು ಬೂದು ಬಣ್ಣದ್ದಾಗಿತ್ತು.

ಯಾರೂ ನೋಡುತ್ತಿರಲಿಲ್ಲ. ಆದರೂ ಹೇಳಿದಳು. ಕಲ್ಲಿನ ಮಾತು, ಬೆಂಚಿನ ಬರಹ, ಕಂಪಾಸ್ ಬಾಕ್ಸು, ಎಐ, ಎಲ್ಲವನ್ನೂ. ಸಾಲಿಯ ಈಮೇಲ್ ವಿಳಾಸವನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ಹಾಳೆಯ ಮೇಲೆ ದೊಡ್ಡದಾಗಿ ಬರೆದೂ ತೋರಿಸಿದಳು. ಕಣ್ಣು ಇನ್ನೂ ಬೂದಾಗಿಯೇ ಇತ್ತು.

ಬಂದ್ ಮಾಡಲು ಕೈ ಮುಂದೆ ಚಾಚಿದಾಗ ಕಣ್ಣು ಹಸಿರಾಯಿತು.

ಅಜ್ಜನೋ? ಅಜ್ಜಿಯೋ? ತಿಳಿಯಲು ದಾರಿಯೇ ಇಲ್ಲ. ಬ್ರಾಹ್ಮಿ ಪರದೆಯ ಹತ್ತಿರಕ್ಕೆ ಬಾಗಿದಳು.

"ಅಜ್ಜಿ, ನೀ ಮಾತಾಡಬ್ಯಾಡ. ಆಡಿ ತೋರಿಸು, ಸಾಕು."

ಹಸಿರು ಕಣ್ಣು ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಆರಿತು. ಉತ್ತರ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮಮ್ಮಿ ತಲೆ ಬಾಚುತ್ತ, ಇವತ್ತು ಉತ್ತಮ ಸತ್ಯದ ದಿನ, ಸಾಲಿ ಬಿಟ್ಟ ಮೇಲೆ ಬಸದಿಗೆ ಹೋಗೋಣ ಎಂದಳು. ಪರ್ವದಲ್ಲಿ ಸತ್ಯಕ್ಕೆಂದೇ ಒಂದು ದಿನ ಇದೆ. ಅದೇ ದಿನ ಬ್ರಾಹ್ಮಿ ತಾನು ಹೇಳಿದ ನಿಜವನ್ನು ಸುಳ್ಳು ಎಂದು ಒಪ್ಪಿಕೊಳ್ಳಬೇಕು.

ಸಾಲಿಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಒಂದು ಮೂಲೆಯಲ್ಲಿ ಚೌಕಾಬಾರ, ಇನ್ನೊಂದರಲ್ಲಿ ಬುಗುರಿ. ಸ್ಮಾರ್ಟ್ ಬೋರ್ಡಿನ ಮೇಲೆ ಟೀಚರ್ ಸಾಲಿಯ ಈಮೇಲ್ ತೆರೆದಿಟ್ಟಿದ್ದರು. ಬ್ರಾಹ್ಮಿ ಯಾವ ಆಟಕ್ಕೂ ಹೋಗಲಿಲ್ಲ. ಬೋರ್ಡನ್ನೇ ನೋಡುತ್ತ ಕೂತಳು.

ಮೊದಲ ಪಿರಿಯಡ್ ಮುಗಿಯಿತು. ಬಂದದ್ದು ಯೂನಿಫಾರ್ಮ್ ಅಂಗಡಿಯ ಜಾಹೀರಾತು ಒಂದೇ.

"ನೆಟ್ ಇಲ್ಲೇನೋ ಖಾನಾಪುರದಾಗ," ಎಂದ ಅನಿಕೇತ. "ಇಲ್ಲಾ ಅಜ್ಜಿನ ಇಲ್ಲೇನೋ."

ಟೀಚರ್ ಅವನನ್ನು ಗದರಿಸಿದರು. ಆದರೆ ತಮ್ಮ ವಾಚನ್ನೂ ನೋಡಿಕೊಂಡರು. ಎರಡನೇ ಪಿರಿಯಡ್ಡಿನ ಬೆಲ್ ಹೊಡೆದಾಗ ಮೆತ್ತಗೆ ಬ್ರಾಹ್ಮಿಯ ಹೆಸರು ಕರೆದರು.

ಬ್ರಾಹ್ಮಿ ಎದ್ದು ಎಲ್ಲರ ಮುಂದೆ ಹೋಗಿ ನಿಂತಳು. ಬಾಯಿ ತೆರೆದಳು. ಆ ಮಾತು ಹೊರಗೆ ಬರಲೇ ಇಲ್ಲ. "ಟೀಚರ್, ನಾ ಹೇಳಿದ್ದು ಖರೇ ಐತ್ರಿ," ಎಂದಳು. "ಸುಳ್ಳ ಅಂತ ನಾ ಅನ್ನಂಗಿಲ್ಲ. ಬೇಕಾದ್ರ ಹೊರಗ ನಿಂದರಸ್ರಿ."

ಯಾರೂ ನಗಲಿಲ್ಲ. ಟೀಚರ್ ಏನೋ ಹೇಳಲು ಹೊರಟಿದ್ದರು. ಬೋರ್ಡಿನಿಂದ ಟಿಂಗ್ ಎಂದು ಸದ್ದು ಬಂತು. ಅಜ್ಜನ ಅಂಗಡಿಯ ವಿಳಾಸ.

ಟೀಚರ್ ಮೇಲ್ ತೆರೆದರು. ಮೊದಲು ಕಂಡದ್ದು ತಿರುಗುವ ಫ್ಯಾನು, ಮೇಲಿನ ತನಕ ಪೇರಿಸಿದ ಬೀಜದ ಚೀಲಗಳು. ಆಮೇಲೆ ಬೋರ್ಡಿನ ತುಂಬ ಒಂದು ಹಣೆ. ಹಣೆ ಹಿಂದೆ ಸರಿದು ಕನ್ನಡಕ ಬಂತು, ಮೂಗು ಬಂತು. ಕಾಂತಾ ಅಜ್ಜಿ.

ಅಜ್ಜ ಎಲ್ಲೂ ಕಾಣಲಿಲ್ಲ. ಈ ಹೊತ್ತಿಗೆ ಅವನು ಬಸದಿಯಲ್ಲಿರುತ್ತಾನೆ. ಹಾಗಾದರೆ ಕಂಪ್ಯೂಟರ್ ಹಚ್ಚಿದ್ದು, ವಿಳಾಸ ಹಾಕಿದ್ದು, ಕೆಂಪು ಬಟನ್ ಒತ್ತಿದ್ದು ಎಲ್ಲಾ ಅಜ್ಜಿಯೇ. ದಿನಾ ಅಜ್ಜನ ಹಿಂದೆ ಸುಮ್ಮನೆ ಕೂತಿರುತ್ತಿದ್ದವಳು ಎಲ್ಲವನ್ನೂ ನೋಡಿಟ್ಟುಕೊಂಡಿದ್ದಳು.

ಅಜ್ಜಿ ಕ್ಯಾಮೆರಾವನ್ನು ನೆಲದ ಕಡೆಗೆ ಬಗ್ಗಿಸಿದಳು. ಫರಸಿಯ ಮೇಲೆ ಕೂತು ಕೈ ಮುಗಿದಳು. ತುಟಿ ಅಲ್ಲಾಡಲಿಲ್ಲ.

"ಮ್ಯೂಟ್ ಆಗೈತ್ರಿ ಟೀಚರ್," ಎಂದು ಹಿಂದಿನಿಂದ ಯಾರೋ ಕೂಗಿದರು. ಟೀಚರ್ ಆವಾಜು ಏರಿಸಿದರು. ಏನೂ ಇಲ್ಲ. ಸ್ಪೀಕರಿನ ವಾಯರ್ ಕಿತ್ತು ಮತ್ತೆ ಹಾಕಿದರು. ಏನೂ ಇಲ್ಲ. ಆವಾಜನ್ನು ಪೂರ್ತಿ ಏರಿಸಿದರು.

ಆಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಐದು ಕಲ್ಲುಗಳನ್ನು ಫರಸಿಯ ಮೇಲೆ ಸುರಿದಳು.

ಟಳಾರ್ ಎಂದ ಸದ್ದಿಗೆ ಇಡೀ ಕ್ಲಾಸು ಕಿವಿ ಮುಚ್ಚಿಕೊಂಡಿತು. ಆಚೆ ಕ್ಲಾಸಿನ ಸರ್ ಬಂದು ಬಾಗಿಲಲ್ಲಿ ಇಣುಕಿದರು.

"ಮ್ಯೂಟ್ ಇಲ್ಲ," ಎಂದಳು ಬ್ರಾಹ್ಮಿ. "ಅಜ್ಜಿದು ಮೌನ ಐತಿ."

ಅಜ್ಜಿ ಕನ್ನಡಕ ತೆಗೆದಿಟ್ಟು ಬಿಳಿ ಟವೆಲ್ಲನ್ನು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡಳು. ಅಂಗೈಯಿಂದ ನೆಲವನ್ನೊಮ್ಮೆ ಸವರಿ ಕಲ್ಲುಗಳನ್ನು ಮುಟ್ಟಿ ನೋಡಿದಳು. ಒಂದು ಕಲ್ಲು ಮೇಲಕ್ಕೆ ಹೋಯಿತು. ಅದು ಕೆಳಗೆ ಬರುವುದರೊಳಗೆ ಅಜ್ಜಿಯ ಕೈ ನೆಲದ ಮೇಲಿದ್ದ ಇನ್ನೊಂದನ್ನು ಎತ್ತಿ, ಬೀಳುವ ಕಲ್ಲಿನ ಕೆಳಗೆ ಬಂದು ನಿಂತಿತ್ತು. ಟಕ್. ಎರಡೂ ಅಂಗೈಯಲ್ಲಿ ಸೇರಿದವು.

ಯಾರೋ ಒಂದು ಎಂದು ಎಣಿಸಿದರು. ಮೂರಕ್ಕೆ ಅರ್ಧ ಕ್ಲಾಸು ಎಣಿಸುತ್ತಿತ್ತು. ಚೌಕಾಬಾರದವರು ಕವಡೆ ಬಿಟ್ಟು ಎದ್ದು ಬಂದರು. ಒಂದೊಂದು ಎತ್ತುವ ಆಟ ಮುಗಿದು ಎರಡೆರಡು ಎತ್ತುವ ಆಟ ಬಂತು.

ಆಗ ಬೋರ್ಡಿನೊಳಗಿಂದ ದಡದಡ ಎನ್ನುವ ಸದ್ದು ಎದ್ದಿತು. ಅಜ್ಜಿಯ ಮನೆಯ ಹಿಂದೆಯೇ ರೈಲು ಹಳಿ. ಲೋಂಡಾ ಕಡೆಗೆ ಹೋಗುವ ಗೂಡ್ಸ್ ಗಾಡಿ. ಕಲ್ಲು ಆಗಲೇ ಮೇಲಕ್ಕೆ ಹೋಗಿತ್ತು. ಆ ಸದ್ದಿಗೆ ಅಜ್ಜಿಯ ಕೈ ತಡವರಿಸಿತು. ಕಲ್ಲು ಬೆರಳಿಗೆ ತಾಗಿ ಸಿಡಿದು ಬೀಜದ ಚೀಲಗಳ ಹತ್ತಿರ ಉರುಳಿತು.

ಕ್ಲಾಸು ಓ ಎಂದಿತು. ಒಂದೂ ಬೀಳಂಗಿಲ್ಲ ಎಂದು ಹೇಳಿದ್ದವಳು ಬ್ರಾಹ್ಮಿಯೇ.

ಅಜ್ಜಿ ಟವೆಲ್ ಬಿಚ್ಚಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ವಾಲಿಸಿ ಸುಮ್ಮನೆ ಕೂತಳು. ರೈಲಿನ ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. "ಎಡಕ್ಕ, ಅಜ್ಜಿ, ಎಡಕ್ಕ," ಎಂದು ಹುಡುಗರು ಕೂಗಿದರು. ಅವರ ಕೂಗು ಖಾನಾಪುರದವರೆಗೆ ಹೋಗುವಂತಿರಲಿಲ್ಲ. ಕೊನೆಯ ಡಬ್ಬಿ ದಾಟಿತು. ಅಂಗಡಿ ನಿಶ್ಶಬ್ದವಾಯಿತು.

ಕ್ಲಾಸೂ ನಿಶ್ಶಬ್ದವಾಯಿತು.

ಕಲ್ಲು ಬೆರಳಿಗೆ ತಾಗಿ ಸಿಡಿದ ದಿಕ್ಕಿಗೇ, ಎಡಕ್ಕೆ, ಅಜ್ಜಿ ಬಾಗಿದಳು. ಅಂಗೈಯನ್ನು ನೆಲಕ್ಕೆ ಒತ್ತಿ ಸಾವಕಾಶ ಸವರುತ್ತ ಹೋದಳು. ಗಡಿಬಿಡಿ ಇಲ್ಲ. ಮೊದಲ ಚೀಲ, ಎರಡನೇ ಚೀಲ, ಅವೆರಡರ ನಡುವಿನ ಸಂದಿ. ಕಲ್ಲು ಸಿಕ್ಕಿತು. ಅದನ್ನು ಸೆರಗಿಗೆ ಒರೆಸಿ, ಬಂದು ಕೂತು, ಮತ್ತೆ ಮೊದಲಿನಿಂದ ಆಟ ಶುರು ಮಾಡಿದಳು.

ಈಗ ಎಣಿಸುವವರಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅನಿಕೇತನದು. ಒಂದೊಂದು ಮುಗಿಯಿತು. ಎರಡೆರಡು ಮುಗಿಯಿತು. ಮೂರು ಮುಗಿಯಿತು, ನಾಲ್ಕನ್ನೂ ಒಟ್ಟಿಗೆ ಬಾಚಿದಳು. ಕೊನೆಗೆ ಐದನ್ನೂ ಮೇಲಕ್ಕೆ ಎಸೆದು ಕೈ ಮಗುಚಿದಳು. ಐದು ಕಲ್ಲೂ ಮಗುಚಿದ ಕೈಯ ಬೆನ್ನಿನ ಮೇಲೆ, ಗುಬ್ಬಿಗಳು ಬಂದು ಕೂತ ಹಾಗೆ ಕೂತವು.

ಚಾವಣಿ ಕಿತ್ತುಹೋಗುವಂತೆ ಕ್ಲಾಸು ಕೂಗಿತು. ಬುಗುರಿಗಳು ಮೇಲೆ ಹಾರಿದವು. ಭೀಮಕ್ಕ ಟೀಚರ್ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಬಾಗಿಲಲ್ಲಿದ್ದ ಸರ್ ಕೂಡ. ಬ್ರಾಹ್ಮಿಯನ್ನು ಯಾರೋ ಎತ್ತಿ ಬೆಂಚಿನ ಮೇಲೆ ನಿಲ್ಲಿಸಿದರು. ಅದೇ ಬೆಂಚು.

"ಒಂದ ಕಲ್ಲ ಬಿತ್ತಲ್ಲ," ಎಂದು ಹಿಂದಿನ ಸಾಲಿನವನೊಬ್ಬ ಶುರು ಮಾಡಿದ. "ಬೀಳಂಗಿಲ್ಲ ಅಂದಿದ್ಲು."

ಅನಿಕೇತ ಅವನ ಕಡೆಗೆ ತಿರುಗಿದ. "ಸುಮ್ಮಕಿರಲೇ. ಎಐ ಇದ್ದಿದ್ರ ಬೀಳತಿದ್ದಿಲ್ಲ. ಬಿದ್ದೈತಿ ಅಂದ್ರನ ಖರೇ."

ಬೋರ್ಡಿನಲ್ಲಿ ಅಜ್ಜಿ ಟವೆಲ್ ಬಿಚ್ಚಿದಳು. ಕನ್ನಡಕ ಹಾಕಿಕೊಂಡು ಪರದೆಯ ಮೂಲೆಯನ್ನು ನೋಡಿದಳು. ನೋಡಿ, ಒಂದಿಷ್ಟು ನಕ್ಕಳು. ಹಣೆ ದೊಡ್ಡದಾಯಿತು. ಬೋರ್ಡು ಖಾಲಿಯಾಯಿತು.

ಅನಿಕೇತ ಒದ್ದೆ ಬಟ್ಟೆ ತಂದು ಬೆಂಚನ್ನು ಒರೆಸಿದ. ಸಾರಿ ಎನ್ನಲಿಲ್ಲ. ಕಂಪಾಸ್ ಬಾಕ್ಸಿನ ಮೂಲೆ ಸೊಟ್ಟಗಾದದ್ದನ್ನು ತೋರಿಸಿ, ಇದಕ್ಕೆ ನೀನು ನನಗೆ ಕಲ್ಲಾಟ ಕಲಿಸಬೇಕು ಎಂದ. ಬ್ರಾಹ್ಮಿ ಹೂಂ ಎಂದಳು.

ಬಸದಿಯಿಂದ ಬಂದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಹೇಳುವುದು ಬೇಕಾದಷ್ಟಿತ್ತು. ಕೂಗು, ಚಪ್ಪಾಳೆ, ಬೆಂಚು. ಅಜ್ಜಿ ಇದ್ಯಾವುದನ್ನೂ ಕೇಳಿರಲಿಲ್ಲ, ಕಂಡಿರಲಿಲ್ಲ. ಒಂದು ಹಸಿರು ಕಣ್ಣಿನ ಮುಂದೆ ಅಷ್ಟು ಹೊತ್ತು ಆಡಿದ್ದಳು. ರೈಲು ಹೋಗುವವರೆಗೆ ಕಾದಿದ್ದಳು.

ಕೆಂಪು ಬಟನ್ ಒತ್ತಿದಳು. ಬಾಯಿ ತೆರೆದವಳು ಮತ್ತೆ ಮುಚ್ಚಿದಳು.

ಕ್ಯಾಮೆರಾವನ್ನು ನೆಲದ ಕಡೆಗೆ ಬಗ್ಗಿಸಿ, ಮಮ್ಮಿಯ ಓಢಣಿಯನ್ನು ಕಣ್ಣಿಗೆ ಕಟ್ಟಿಕೊಂಡು ಕೂತಳು. ಮೂಲೆಯ ಕಣ್ಣು ಹಸಿರಾಯಿತೋ ಇಲ್ಲವೋ ಈಗ ಅವಳಿಗೆ ಕಾಣುವಂತಿರಲಿಲ್ಲ. ಮೊದಲ ಕಲ್ಲು ಎಸೆದಳು. ಅದು ಬೆರಳಿಗೆ ತಾಗಿ ಎಲ್ಲೋ ಬಿತ್ತು.

ಬ್ರಾಹ್ಮಿ ಓಢಣಿ ಬಿಚ್ಚಲಿಲ್ಲ. ತಲೆ ವಾಲಿಸಿ, ಕಲ್ಲು ಉರುಳುವುದು ನಿಲ್ಲುವವರೆಗೆ ಕೇಳುತ್ತ ಕೂತಳು. ಆಮೇಲೆ ಅಂಗೈಯನ್ನು ನೆಲಕ್ಕಿಟ್ಟು ಸಾವಕಾಶ ಸವರುತ್ತ ಹೊರಟಳು.